ದುರ್ಗಮ ದಾರಿಗೆ ಹೊರಡುವ ಮುನ್ನ

ಸಿರುಗುಪ್ಪದ ಎರೆಭೂಮಿಯಲ್ಲಿ ಮಳೆ ಬಂದರೆ ಕೆಸರು ಗಾಲಿಗೆ ಮೆತ್ತಿಕೊಳ್ಳುತ್ತದೆ. ಕುರುಗೋಡಿನ ಗುಡ್ಡಗಳ ಮಗ್ಗುಲಲ್ಲಿ ಕಲ್ಲುಗಳು ಗಾಲಿಯನ್ನು ಎತ್ತಿ ಹಾಕುತ್ತವೆ. ಬಳ್ಳಾರಿಯಿಂದ ಇಂತಹ ದಾರಿಗಳಲ್ಲಿ ಹೊರಡುವ ದೊಡ್ಡ ಎಸ್‌ಯುವಿ ವಾಹನಕ್ಕೆ ಎಂಜಿನ್ನಿನ ಬಲವೊಂದೇ ಸಾಲದು. ಕುಲುಕಾಟವನ್ನೂ ವೇಗವನ್ನೂ ಶಾಖವಾಗಿ ಮಾರ್ಪಡಿಸಿ ಕಳೆಯುವ ಅಂಗಗಳು ಸುಸ್ಥಿತಿಯಲ್ಲಿರಬೇಕು.

ಗಾಲಿಗೆ ಬಿದ್ದ ಏಟನ್ನು ಸ್ಪ್ರಿಂಗು ನುಂಗಿಕೊಂಡು, ಒಡನೆಯೇ ಹಿಂದಕ್ಕೆ ಚಿಮ್ಮಿಸುತ್ತದೆ. ಈ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರು. ಅದರೊಳಗಿನ ಎಣ್ಣೆಯು ಕಿರುರಂಧ್ರಗಳಲ್ಲಿ ನುಗ್ಗುವಾಗ ಬಿಸಿಯಾಗಿ ಶಕ್ತಿಯನ್ನು ಕಳೆಯುತ್ತದೆ. ಎಣ್ಣೆ ಸೋರಿಹೋಗಿದ್ದರೆ ಗಾಲಿಯು ನೆಲ ಬಿಟ್ಟು ಪುಟಿಯುತ್ತದೆ. ನೆಲ ಮುಟ್ಟದ ಗಾಲಿಗೆ ಬ್ರೇಕು ಹಾಕಿ ಫಲವೇನು?

ಎರಡೂವರೆ ಟನ್ ತೂಕದ ವಾಹನವನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಹುಟ್ಟುವ ಶಾಖವು, 30 ಡಿಗ್ರಿಯ ಸುಮಾರು 2 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಸಾಮಾನು ಹೆಚ್ಚಿದಷ್ಟೂ ಶಾಖ ಹೆಚ್ಚು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ.

ಬ್ರೇಕಿನ ದ್ರವಕ್ಕೆ ತೇವವನ್ನು ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ, ಶೇಕಡಾ 3.7ರಷ್ಟು ನೀರು ಬೆರೆತ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ದ್ರವವು ಒತ್ತಿದರೆ ಕುಗ್ಗದು, ಆವಿಯು ಕುಗ್ಗುತ್ತದೆ. ಆದ್ದರಿಂದ ದ್ರವ ಕುದಿದೊಡನೆ ಪೆಡಲು ತಳ ಮುಟ್ಟಿದರೂ ವಾಹನ ನಿಲ್ಲದು.

ಹೊರಡುವ ಮುನ್ನ ಹಳೆಯ ದ್ರವವನ್ನು ಬದಲಾಯಿಸಿರಿ. ಸವೆದ ಬ್ರೇಕ್ ಪ್ಯಾಡುಗಳನ್ನೂ ಬಿರಿದ ರಬ್ಬರ್ ಬುಷ್‌ಗಳನ್ನೂ ತೆಗೆಸಿರಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಸಾಗಿರಿ. ಆಗ ಶಾಖದ ಭಾರವನ್ನು ಎಂಜಿನ್ನೂ ಹಂಚಿಕೊಳ್ಳುತ್ತದೆ.