ಪೆರಾಬೆಯ ಗುಡ್ಡೆಗೆ ಅಗಲ ಟಯರು ಬೇಡ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ರಸ್ತೆಯಲ್ಲಿ ಆಲಂಕಾರು ದಾಟಿ ಕುಂತೂರು, ಪೆರಾಬೆ ಕಡೆಗೆ ಬಂದರೆ ಡಾಂಬರಿಗೆ ಎರಡೂ ಬದಿಯಿಂದ ಸಣ್ಣ ಸಣ್ಣ ದಾರಿಗಳು ಬಂದು ಕೂಡುತ್ತವೆ. ಒಂದೊಂದು ದಾರಿಯೂ ಒಂದೊಂದು ಮನೆಯದು. ರಬ್ಬರ್ ತೋಟದ ನಡುವೆ ತಿರುಗಿ, ತೋಡೊಂದನ್ನು ದಾಟಿ, ಬೈಲಿನ ಅಡಿಕೆ ತೋಟದ ಅಂಚಿನಲ್ಲಿ ಮುಗಿಯುತ್ತದೆ. ಇವುಗಳಲ್ಲಿ ಎಷ್ಟೋ ದಾರಿಗಳು ಮೊದಲು ಜೀಪಿನ ಚಕ್ರದ ಗುರುತುಗಳಾಗಿದ್ದವು. ಜೀಪು ಹೋದದ್ದರಿಂದ ರಸ್ತೆಯಾಯಿತೇ ಹೊರತು, ರಸ್ತೆ ಇದ್ದುದರಿಂದ ಜೀಪು ಹೋದದ್ದಲ್ಲ.

ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಈ ಊರಿನ ನಡುವಯಸ್ಸಿನವರಿಗೆ ಸರ್ವಿಸ್ ಜೀಪು ಗೊತ್ತು. ಒಳಗೆ ತುಂಬಿ, ಹಿಂದೆ ಜೋತು, ಮುಂದೆ ಡ್ರೈವರನ ಬಲಗಡೆಗೂ ಒಬ್ಬರು ಅರ್ಧ ಕೂತು ಸುಳ್ಯ, ಸುಬ್ರಹ್ಮಣ್ಯದ ಒಳದಾರಿಗಳಲ್ಲೆಲ್ಲ ಜನ ಓಡಾಡಿದ್ದು ಹೀಗೆಯೇ. ಬಳಿಕ ಕಾಂಕ್ರೀಟ್ ರಸ್ತೆ ಬಂತು, ಆಟೋ ಬಂತು, ಓಮ್ನಿ ಬಂತು. ತೋಟದ ಗೊಬ್ಬರ, ಅಡಿಕೆ ಗೋಣಿ ಹೊರುವ ಕೆಲಸವನ್ನು ಪಿಕಪ್ ವಹಿಸಿಕೊಂಡಿತು. ಜೀಪು ಕೊಟ್ಟಿಗೆಯ ಬದಿ ಸೇರಿತು. ಅದರ ಮೇಲೆ ತೆಂಗಿನ ಮಡಲು ಒಣಗಿತು, ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು.

ಈಗ ಮಡಲು ಸರಿಸಿ ನೋಡುವ ಕಾಲ. 2010ರಲ್ಲಿ ಮಹೀಂದ್ರಾ ಥಾರ್ ಬಂದಾಗಲೇ ಶುರುವಾದ ಚಪಲ ಇದು. 2020ರ ಆಗಸ್ಟ್ 15ರಂದು ಹೊಸ ಥಾರ್ ಕಂಡ ಮೇಲೆ ಜ್ವರವಾಯಿತು. ಹೊಸದರ ಬೆಲೆ ಕೇಳಿದ ಹುಡುಗರಿಗೆ ಅಜ್ಜನ ಜೀಪು ನೆನಪಾದರೆ ಆಶ್ಚರ್ಯವಿಲ್ಲ.

ಕೊಟ್ಟಿಗೆಯಲ್ಲಿ ಸಿಗುವುದು ಏನು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬಾನೆಟ್ ಎತ್ತರವಾಗಿ, ಉಬ್ಬಿ ಕಂಡರೆ ಅದು ಹಳೆಯ ವಿಲ್ಲಿಸ್ ಸಿಜೆ-3ಬಿ ಮಾದರಿ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರದ್ದು, ಅದಕ್ಕೇ ಬಾನೆಟ್ಟೂ ಎತ್ತರ. ಆಮೇಲೆ ಟ್ರಾಕ್ಟರಿನ ಬಿ-275 ಡೀಸೆಲ್ ಎಂಜಿನ್ ಹೊತ್ತ ಜೀಪುಗಳು ಬಂದವು. ನಮ್ಮ ಕಡೆ ಹೆಚ್ಚು ಸಿಗುವುದು 1980ರ ದಶಕದಿಂದ ಓಡುತ್ತಿರುವ ಎಂಎಂ540 ಮತ್ತು ಅದರ ಒಡಹುಟ್ಟುಗಳು: 91 ಇಂಚಿನ ವೀಲ್‌ಬೇಸ್, ಪೂಜೋ ಪರವಾನಗಿಯ 2112 ಸಿಸಿ ಡೀಸೆಲ್ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಪ್ಲೇಟು (ಲೀಫ್ ಸ್ಪ್ರಿಂಗ್). ಉದ್ದದ ಕಮಾಂಡರ್ ಇದೆ, ಮಿಲಿಟರಿ ಹರಾಜಿನಲ್ಲಿ ಬಂದ ಜಿಪ್ಸಿ ಇದೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಿದ್ದ ಮೇಲೆ ಉತ್ತರದಿಂದ ಎನ್‌ಒಸಿ ಹಿಡಿದುಕೊಂಡು ಇಳಿದ ಗಾಡಿಗಳೂ ಉಂಟು. ಅವು ಅಗ್ಗವೆಂದು ಕಾಣುವುದು ಕರ್ನಾಟಕದ ತೆರಿಗೆ ಲೆಕ್ಕ ಹಾಕುವವರೆಗೆ.

ದುರಸ್ತಿ ಎಂದೊಡನೆ ಹೆಚ್ಚಿನವರು ಹೊರಗಿನಿಂದ ಶುರು ಮಾಡುತ್ತಾರೆ. ಮುಂದೆ ಕಬ್ಬಿಣದ ದಪ್ಪ ಬಂಪರು, ತಲೆಯ ಮೇಲೆ ಎಲ್‌ಇಡಿ ಸಾಲು, ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟಯರು. ಜೀಪು ಜಾತ್ರೆಗೆ ಹೊರಟ ಹಾಗೆ ಕಾಣುತ್ತದೆ, ನಿಜ. ಆದರೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಹಳೆಯ ಜೀಪಿನ ಮೊದಲ ಶತ್ರು ತುಕ್ಕು. ಅದು ಮೇಲಿನಿಂದ ಕಾಣುವುದಿಲ್ಲ. ಚಾಸಿಯ ಒಳಗೆ ಕೆಂಪು ಮಣ್ಣು ಕೂತು, ಆಟಿ ತಿಂಗಳಿಡೀ ಒದ್ದೆಯಾಗಿಯೇ ಇದ್ದು, ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಪ್ಲೇಟಿನ ಶ್ಯಾಕಲ್ ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಕಟ್ಟಿದ ಜಾಗ, ಬಾಡಿಯ ಬೋಲ್ಟುಗಳ ಬುಡ, ಇಷ್ಟನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಸರಿ. ಮಂದ ಸದ್ದು ಬಂದರೆ ಅಲ್ಲಿ ಉಳಿದಿರುವುದು ಬರಿಯ ಪೈಂಟು. ಬಾಡಿ ಎತ್ತಿ ಚಾಸಿಯನ್ನು ತೊಳೆದು, ಕೆರೆದು, ಪ್ರೈಮರ್ ಹೊಡೆಯದೆ ಮಾಡಿದ ಟಿಂಕರಿಂಗ್ ಎರಡು ಮಳೆಗಾಲ ಬಾಳುವುದಿಲ್ಲ. ಈ ಕೆಲಸ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ, ಮುಗಿಯಬೇಕು. ಮಳೆ ಹಿಡಿದ ಮೇಲೆ ಹೊಡೆದ ಬಣ್ಣದಡಿಯಲ್ಲಿ ತೇವ ಕೂತುಬಿಡುತ್ತದೆ.

ಎರಡನೆಯದು ಬ್ರೇಕು. ಎಂಎಂ540 ಬಂದಾಗ ನಾಲ್ಕು ಚಕ್ರಕ್ಕೂ ಡ್ರಮ್. ತೋಡು ದಾಟಿದ ಜೀಪಿನ ಡ್ರಮ್ಮಿನೊಳಗೆ ನೀರು ಹೊಕ್ಕರೆ ಪೆಡಲ್ ಒತ್ತಿದರೂ ಗಾಡಿ ತನ್ನ ಪಾಡಿಗೆ ಹೋಗುತ್ತದೆ. ಹಳೆಯ ಡ್ರೈವರುಗಳು ನೀರಿನಿಂದ ಮೇಲೆ ಬಂದ ಕೂಡಲೇ ಬ್ರೇಕನ್ನು ಮೆಲ್ಲಗೆ ತುಳಿದುಕೊಂಡು ಸ್ವಲ್ಪ ದೂರ ಓಡಿಸಿ ಒಣಗಿಸುತ್ತಿದ್ದುದು ಅದಕ್ಕೇ. ಮುಂದಿನ ಚಕ್ರಕ್ಕೆ ಡಿಸ್ಕ್, ಜತೆಗೆ ಬೂಸ್ಟರ್, ಆಮೇಲೆ ಪವರ್ ಸ್ಟಿಯರಿಂಗ್: ಹಳೆಯ ಜೀಪಿಗೆ ದುಡ್ಡು ಹಾಕುವುದಾದರೆ ಮೊದಲು ಇವಕ್ಕೆ ಹಾಕಬೇಕು. ಬೊಲೆರೊದ ಭಾಗಗಳಿಂದಲೇ ಇವನ್ನು ಕೂಡಿಸುವ ಮೇಸ್ತ್ರಿಗಳು ಇದ್ದಾರೆ. ಸ್ಟಿಯರಿಂಗಿನಲ್ಲಿ ಪ್ಲೇ ಇದ್ದಾಗ ಪವರ್ ಸ್ಟಿಯರಿಂಗ್ ಕೂಡಿಸಿದರೆ ಮಾತ್ರ ರೋಗ ಮುಚ್ಚಿಟ್ಟ ಹಾಗೆ. ಕಿಂಗ್‌ಪಿನ್, ರಾಡ್ ಎಂಡ್ ಮೊದಲು ಆಗಲಿ.

ಟಯರಿನ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಈ ಜೀಪುಗಳಿಗೆ ಕಂಪನಿಯಿಂದ ಬರುತ್ತಿದ್ದುದು 6.00-16 ಅಳತೆಯ ಸಪೂರ ಟಯರು. ಅದನ್ನು ಕಿತ್ತು ದಪ್ಪ ಅಗಲದ್ದು ಹಾಕುವುದೇ ಅಪ್‌ಗ್ರೇಡ್ ಎಂಬ ನಂಬಿಕೆ ಬಂದುಬಿಟ್ಟಿದೆ. ಅಗಲ ಟಯರು ಒಣ ಮರಳಿನಲ್ಲಿ ಮುಳುಗದೆ ತೇಲುತ್ತದೆ. ನಮ್ಮದು ಮರಳಲ್ಲ. ಪೆರಾಬೆಯ ಗುಡ್ಡೆಯಲ್ಲಿ ಮೇಲೆ ನಾಲ್ಕು ಬೆರಳು ಜಾರುವ ಕೆಸರು, ಕೆಳಗೆ ಗಟ್ಟಿ ಮುರಕಲ್ಲು. ಸಪೂರ ಟಯರು ಕೆಸರನ್ನು ಕೊಯ್ದು ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆಯೇ ಸವಾರಿ ಮಾಡುತ್ತ ಬದಿಯ ಚರಂಡಿಗೆ ಇಳಿಯುತ್ತದೆ. ಸಾಲದ್ದಕ್ಕೆ ಭಾರದ ಚಕ್ರ ಹಬ್ಬಿನ ಬೇರಿಂಗನ್ನೂ ಸ್ಟಿಯರಿಂಗನ್ನೂ ತಿನ್ನುತ್ತದೆ. ಎತ್ತರದ ಟಯರು ಹಾಕಿದರೆ ಗೇರಿನ ಅನುಪಾತ ಕೆಟ್ಟು, ಅರುವತ್ತು ಚಿಲ್ಲರೆ ಕುದುರೆಶಕ್ತಿಯ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ. ಒಳ್ಳೆಯ ಕಚ್ಚು ಇರುವ ಸಪೂರ ಟಯರು, ಕೆಸರಿಗೆ ಇಳಿಯುವಾಗ ಗಾಳಿ ಸ್ವಲ್ಪ ಕಡಿಮೆ. ಸಾಕು.

ನೀರಿನ ಬಗ್ಗೆಯೂ ಒಂದು ಮಾತು. ಸ್ನಾರ್ಕೆಲ್ ಕೊಳವೆ ಕೂಡಿಸಲು ಸಾವಿರಾರು ರೂಪಾಯಿ ಕೊಡುವವರು ಆಕ್ಸಲ್ ಹೌಸಿಂಗಿನ ಬ್ರೀದರನ್ನು, ಅಂದರೆ ಅದರ ಗಾಳಿಕಂಡಿಯನ್ನು, ತಿರುಗಿ ನೋಡುವುದಿಲ್ಲ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ತೋಡಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರು ಮೆತ್ತಿ ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟು ಬಿಚ್ಚಿದಾಗ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕ್ರೌನ್ ಪಿನಿಯನ್‌ಗೆ ಆಯುಸ್ಸು ಹೆಚ್ಚಿಲ್ಲ ಎಂದೇ ಅರ್ಥ. ಬ್ರೀದರಿಗೆ ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿದರೆ ಮುಗಿಯಿತು. ಈ ಊರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಕೆಲಸ ನನಗೆ ಗೊತ್ತಿಲ್ಲ. ಫೋರ್ ವೀಲ್ ಹಾಕುವ ಲಿವರನ್ನೂ ತಿಂಗಳಿಗೊಮ್ಮೆಯಾದರೂ ಮಣ್ಣಿನ ಮೇಲೆ ಎಳೆದು ನೋಡಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೇಕಾದಾಗ ಬೀಳುವುದಿಲ್ಲ. ಡಾಂಬರಿನಲ್ಲಿ ಮಾತ್ರ ಬೇಡ. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲದ ಈ ಜೀಪುಗಳ ಶಾಫ್ಟು, ಜಾಯಿಂಟುಗಳು ತಿರುವಿನಲ್ಲಿ ಬಿಗಿದುಕೊಂಡು ಸವೆಯುತ್ತವೆ.

ಎಂಜಿನ್ ವಾದ ಎಂದೂ ಮುಗಿಯದ್ದು. ಪೂಜೋ ನಯ, ಮಹೀಂದ್ರಾದ ಡಿಐ ಡೀಸೆಲ್ ಗಟ್ಟಿ. ಡಿಐ ಹಾಕಿದರೆ ಏರು ಸಲೀಸು, ಆದರೆ ಇಡೀ ಜೀಪು ಗಡಗಡ ನಡುಗುತ್ತದೆ. ಇವೆರಡರಲ್ಲೂ ಕಂಪ್ಯೂಟರ್ ಇಲ್ಲ. ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ಬಿಟ್ಟು ಗೇರು ಕೊಟ್ಟರೆ ಸ್ಟಾರ್ಟ್. ಈ ಕಡೆಯ ಜೀಪುಗಳನ್ನು ರಾತ್ರಿ ಇಳಿಜಾರಿಗೆ ಮುಖಮಾಡಿ ನಿಲ್ಲಿಸುವ ಅಭ್ಯಾಸ ಬಂದದ್ದು ಸುಮ್ಮನೆ ಅಲ್ಲ. ಹೊಸ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಎಂಜಿನ್ ತಂದು ಕೂಡಿಸುವ ಆಸೆ ಇರುವವರು ವೈರಿಂಗಿನ ಜತೆಗೆ ಕಾನೂನನ್ನೂ ಯೋಚಿಸಬೇಕು.

ಏಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಖಡಾಖಂಡಿತವಾಗಿ ಹೇಳಿತು. ಮುಂದಿನ ಕಬ್ಬಿಣದ ಬುಲ್‌ಬಾರಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಸ್ವಂತ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತ್ತು. ಹಸಿರು ತೆರಿಗೆ ಬೇರೆ.

ಆದ್ದರಿಂದ, ಕೊಟ್ಟಿಗೆಯಲ್ಲಿ ಕೆಎ 21ರ ಜೀಪು ಇಟ್ಟುಕೊಂಡವರೇ, ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಆರ್‌ಸಿ ಹುಡುಕಿ ತೆಗೆಯಿರಿ, ಪುತ್ತೂರಿನ ಸಾರಿಗೆ ಕಚೇರಿಗೆ ಒಮ್ಮೆ ಹೋಗಿ ಏನು ಮಾಡಬಹುದು, ಏನು ಮಾಡಬಾರದು ಎಂದು ಕೇಳಿ ಬನ್ನಿ. ಚಾಸಿಯ ಮೇಲೆ ಕೊರೆದ ನಂಬರನ್ನು ಹುಡುಕಿ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಗ್ರೈಂಡರ್ ಹಿಡಿದ ಹುಡುಗ ತುಕ್ಕಿನ ಜತೆ ಆ ನಂಬರನ್ನೂ ಉಜ್ಜಿಬಿಟ್ಟರೆ, ಎಷ್ಟು ಚೆಂದ ಮಾಡಿದ ಜೀಪಾದರೂ ನವೀಕರಣಕ್ಕೆ ಹೋದಾಗ ತಪಾಸಣೆಯಲ್ಲೇ ನಿಂತುಬಿಡುತ್ತದೆ.