ಆಡದೆ ಉಳಿದ 24 ನಿಮಿಷ

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. 2023ರ ಮಾರ್ಚ್ 3, ಶುಕ್ರವಾರದ ರಾತ್ರಿ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಹಣಾಹಣಿ ನಡೆದಿತ್ತು. ಸೋತವರು ಮನೆಗೆ, ಗೆದ್ದವರು ಸೆಮಿಫೈನಲಿಗೆ. ನಿಗದಿತ 90 ನಿಮಿಷಗಳು ಮುಗಿದರೂ ಯಾರೂ ಗೋಲು ಹೊಡೆದಿರಲಿಲ್ಲ. ಹೆಚ್ಚುವರಿ ಅವಧಿಯ ಆಟ ಆರಂಭವಾಗಿ ಆರು ನಿಮಿಷವಾಗಿರಬೇಕು. ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು.

ಕೇರಳದ ಆಟಗಾರರು ಅಡ್ಡಗೋಡೆಯಾಗಿ ನಿಲ್ಲಲು ಸಿದ್ಧರಾಗುತ್ತಿದ್ದರು. ಗೋಲಿ ಪ್ರಭಸುಖನ್ ಗಿಲ್ ಅವರಿಗೆ ಜಾಗ ತೋರಿಸುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿ ಯಾರಿಗೂ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಕಳುಹಿಸಿದರು. ಗೋಲಿನ ಬಾಯಿ ತೆರೆದೇ ಇತ್ತು. ಚೆಂಡು ಬಲೆಯೊಳಗೆ ಬಿದ್ದಿತು. ತೀರ್ಪುಗಾರ ಕ್ರಿಸ್ಟಲ್ ಜಾನ್ ಗೋಲೆಂದು ಸಾರಿದರು.

ಒಂದು ಕ್ಷಣ ಕ್ರೀಡಾಂಗಣಕ್ಕೆ ಏನಾಯಿತೆಂಬುದೇ ತಿಳಿಯಲಿಲ್ಲ. ಮರುಕ್ಷಣ ಒಂದು ಕಡೆ ಹರ್ಷೋದ್ಗಾರ, ಇನ್ನೊಂದು ಕಡೆ ಆಕ್ರೋಶ. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಹೋದವರು ಹಿಂದಿರುಗಲಿಲ್ಲ. ಕಾದು ನೋಡಿದ ಬಳಿಕ ಪಂದ್ಯವನ್ನು 1–0 ಅಂತರದಲ್ಲಿ ಬೆಂಗಳೂರಿಗೆ ನೀಡಲಾಯಿತು. ಹೆಚ್ಚುವರಿ ಅವಧಿಯಲ್ಲಿ ಇನ್ನೂ 24 ನಿಮಿಷಗಳ ಆಟ ಬಾಕಿ ಇತ್ತು.

ಪಂದ್ಯ ಅಲ್ಲಿಗೆ ಮುಗಿಯಿತು. ವಾದ ಮಾತ್ರ ಅಲ್ಲಿಂದ ಮೊದಲಾಯಿತು.

ನಾಯಕನೊಬ್ಬನ ಹೆಗಲ ಮೇಲೆ

ಹನ್ನೊಂದು ಮಂದಿ ಆಡುವ ಆಟದಲ್ಲಿ ಗೆಲುವು ಸೋಲುಗಳ ಲೆಕ್ಕವನ್ನು ಒಬ್ಬನ ಹೆಸರಿನಲ್ಲಿ ಬರೆಯುವುದು ಅಭಿಮಾನಿಗಳ ಹಳೆಯ ಅಭ್ಯಾಸ. ಅಮೆರಿಕದವರು ಆಡುವ ಬೇರೊಂದು ಬಗೆಯ ಫುಟ್‌ಬಾಲಿನಲ್ಲಿ ‘ಕ್ವಾರ್ಟರ್‌ಬ್ಯಾಕ್’ ಎಂಬ ಆಟಗಾರನಿಗೆ ಈ ಪಟ್ಟ. ತಂಡ ಗೆದ್ದರೆ ಅವನಿಗೆ ಹೂಮಾಲೆ, ಸೋತರೆ ಅವನ ಮೇಲೆಯೇ ಗೂಬೆ. ಬೆಂಗಳೂರಿನ ಫುಟ್‌ಬಾಲಿನಲ್ಲಿ ಆ ಸ್ಥಾನ 2013ರಿಂದ, ಎಂದರೆ ಈ ತಂಡ ಹುಟ್ಟಿದ ವರ್ಷದಿಂದಲೇ, ಬಹುಮಟ್ಟಿಗೆ ಸುನಿಲ್ ಛೆಟ್ರಿಯವರದು.

ಆ ರಾತ್ರಿ ಅವರ ವಯಸ್ಸು 38. ತಂಡ ಲೀಗಿನಲ್ಲಿ ಸತತ ಎಂಟು ಪಂದ್ಯಗಳನ್ನು ಗೆದ್ದು ನಾಲ್ಕನೆಯ ಸ್ಥಾನಕ್ಕೇರಿತ್ತೇನೋ ನಿಜ. ಆದರೆ ನಾಯಕರು ಆ ಋತುವಿನ ಹಲವು ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಹೊರಗೆ ಕುಳಿತಿದ್ದರು. ಶಿವಶಕ್ತಿ ನಾರಾಯಣನ್‌ರಂತಹ ಎಳೆಯರು ಮುಂಚೂಣಿಗೆ ಬಂದಿದ್ದರು. ‘ಛೆಟ್ರಿಯವರ ಕಾಲ ಮುಗಿಯಿತೇ?’ ಎಂಬ ಪ್ರಶ್ನೆ ಪಶ್ಚಿಮದ ಅಟ್ಟಣೆಯಲ್ಲಿ ನಿಂತು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳಿಗೂ ಅಪರಿಚಿತವಾಗಿರಲಿಲ್ಲ. ಅಂತಹ ಹೊತ್ತಿನಲ್ಲಿ ಬಂದ ಗೋಲಿದು. ಆದುದರಿಂದಲೇ ಚರ್ಚೆ ಒಂದು ಗೋಲಿಗೆ ನಿಲ್ಲದೆ ಒಬ್ಬ ಆಟಗಾರನ ಇಡೀ ವ್ಯಕ್ತಿತ್ವದ ತೂಕಕ್ಕೆ ತಿರುಗಿತು.

ಮೂರು ವಾದಗಳು

ಮೊದಲನೆಯದು ಬೆಂಗಳೂರಿನ ಅಭಿಮಾನಿಗಳ ವಾದ. ಫ್ರೀ ಕಿಕ್ ಎಂಬುದು ಅನ್ಯಾಯಕ್ಕೊಳಗಾದ ತಂಡಕ್ಕೆ ನಿಯಮ ಕೊಡುವ ಪರಿಹಾರ. ಆ ಪರಿಹಾರವನ್ನು ಎಷ್ಟು ಬೇಗ ಪಡೆಯಬೇಕೆಂಬುದು ಪಡೆಯುವವನ ಇಚ್ಛೆ. ಎದುರಾಳಿ ಗೋಡೆ ಕಟ್ಟಿಕೊಳ್ಳುವವರೆಗೆ ಕಾಯಬೇಕೆಂದು ಎಲ್ಲಿಯೂ ಬರೆದಿಲ್ಲ. ಚೆಂಡು ನೆಲದ ಮೇಲಿರುವಾಗ ಗೋಲಿ ಕಣ್ಣು ಬೇರೆಡೆ ತಿರುಗಿಸಿದರೆ ತಪ್ಪು ಯಾರದು?

ಎರಡನೆಯದು ಕೇರಳದ ‘ಮಂಜಪ್ಪಡ’ ಅಭಿಮಾನಿಗಳದು. ತೀರ್ಪುಗಾರರೇ ಆಟಗಾರರನ್ನು ಹಿಂದೆ ಸರಿಯುವಂತೆ ಹೇಳುತ್ತಿದ್ದರೆ ಆಟ ನಿಂತಂತೆಯೇ ಲೆಕ್ಕ. ನಿಂತ ಆಟ ಮತ್ತೆ ಮೊದಲಾಗಬೇಕಾದರೆ ಸಿಳ್ಳೆ ಊದಬೇಕು. ಅದು ಕೇಳಿಬರದೆ ಬಂದ ಗೋಲು ಗೋಲಲ್ಲ, ಅದು ಮೋಸ.

ಮೂರನೆಯವರು ಎರಡೂ ತಂಡಗಳ ಹಂಗಿಲ್ಲದವರು. ಅವರ ಮಾತು ಬೇರೆಯೇ. ಗೋಲು ನಿಯಮಬದ್ಧವೇ ಇರಬಹುದು, ಆದರೆ ಭಾರತದ ನಾಯಕನೂ ಆಗಿರುವ ಹಿರಿಯ ಆಟಗಾರನಿಗೆ ಅದು ಶೋಭೆಯೇ ಎಂಬುದು ಅವರ ಪ್ರಶ್ನೆ.

ನಿಯಮ ಏನು ಹೇಳುತ್ತದೆ?

ಫುಟ್‌ಬಾಲಿನ 13ನೆಯ ನಿಯಮ ಫ್ರೀ ಕಿಕ್ಕಿಗೆ ಸಂಬಂಧಿಸಿದ್ದು. ಎದುರಾಳಿಗಳು ಚೆಂಡಿನಿಂದ 9.15 ಮೀಟರ್, ಎಂದರೆ 10 ಗಜ ದೂರ ನಿಲ್ಲಬೇಕು. ಆದರೆ ಈ ಅಂತರ ಒದೆಯುವವನ ಅನುಕೂಲಕ್ಕಾಗಿ ಇರುವುದು. ‘ನನಗೆ ಬೇಡ’ ಎಂದು ಅವನು ಕೂಡಲೇ ಒದೆಯಬಹುದು. ಸಾಮಾನ್ಯ ಫ್ರೀ ಕಿಕ್ಕಿಗೆ ಸಿಳ್ಳೆಯ ಅಗತ್ಯವೂ ಇಲ್ಲ. ಆದರೆ ತೀರ್ಪುಗಾರರು ಎದುರಾಳಿಗಳನ್ನು ಅಂತರಕ್ಕೆ ಸರಿಸಲು ಆಟವನ್ನು ತಡೆದರೆಂದಾಗಲಿ, ಯಾರಿಗಾದರೂ ಎಚ್ಚರಿಕೆಯ ಚೀಟಿ ತೋರಿಸಲು ನಿಲ್ಲಿಸಿದರೆಂದಾಗಲಿ ಸಿದ್ಧವಾದರೆ, ಮತ್ತೆ ಸಿಳ್ಳೆಯಾಗುವವರೆಗೆ ಒದೆಯುವಂತಿಲ್ಲ.

ಹಾಗಾದರೆ ವ್ಯಾಜ್ಯವೆಲ್ಲ ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ: ಆ ಕ್ಷಣದಲ್ಲಿ ತೀರ್ಪುಗಾರರು ಆಟವನ್ನು ತಡೆದಿದ್ದರೇ, ಇಲ್ಲವೇ? ತಮಗೆ ಸಿಳ್ಳೆಯೂ ಬೇಡ, ಗೋಡೆಯೂ ಬೇಡವೆಂದು ತೀರ್ಪುಗಾರರಿಗೆ ಮೊದಲೇ ತಿಳಿಸಿದ್ದುದಾಗಿ ಛೆಟ್ರಿ ಪಂದ್ಯದ ಬಳಿಕ ಹೇಳಿದರು. ಚೆಂಡಿನ ಬಳಿಯೇ ನಿಂತಿದ್ದ ಕೇರಳದ ಏಡ್ರಿಯನ್ ಲೂನಾಗೆ ತಮ್ಮ ಉದ್ದೇಶ ಅರ್ಥವಾಗಿತ್ತೆಂಬುದೂ ಅವರ ಮಾತು. ಕೇರಳ ತಂಡ ಪಂದ್ಯವನ್ನು ಮತ್ತೆ ಆಡಿಸಬೇಕೆಂದು ಕೇಳಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಒಪ್ಪಲಿಲ್ಲ. ಆ ತಿಂಗಳ ಕೊನೆಯಲ್ಲಿ ಸಮಿತಿ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ತಂಡವೂ ತರಬೇತುದಾರರೂ ಬಹಿರಂಗವಾಗಿ ಕ್ಷಮೆ ಕೋರಿದರು.

ವಿಶ್ವನಾಥ್ ತೋರಿಸಿದ ದಾರಿ

ನಿಯಮದ ಮಾತು ಹೀಗೆ ಮುಗಿಯಿತು. ಶೋಭೆಯ ಮಾತು ಅಷ್ಟು ಸುಲಭವಾಗಿ ಮುಗಿಯುವಂತಹುದಲ್ಲ. ಕರ್ನಾಟಕದಲ್ಲಿ ಆ ಮಾತು ಬಂದಾಗಲೆಲ್ಲ ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಹೆಸರು ಬಾರದೆ ಇರದು.

1980ರ ಫೆಬ್ರವರಿ; ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ವಿಶ್ವನಾಥ್. ಇಂಗ್ಲೆಂಡ್ 58 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಬಾಬ್ ಟೇಲರ್ ಆಡಲಿಳಿದರು. ವಿಕೆಟ್ಟಿನ ಹಿಂದೆ ಕ್ಯಾಚ್ ಆಯಿತೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ವಿಶ್ವನಾಥರಿಗೆ ಖಚಿತವಾಯಿತು. ಅವರು ಟೇಲರರನ್ನು ಹಿಂದಕ್ಕೆ ಕರೆಸಿಕೊಂಡರು. ಟೇಲರ್ ಮತ್ತು ಇಯಾನ್ ಬೋಥಮ್ ಜೊತೆಗೂಡಿ 171 ರನ್ ಸೇರಿಸಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು.

ಆ ಟೆಸ್ಟನ್ನು ಗೆದ್ದವರು ಯಾರೆಂಬುದನ್ನು ಮರೆತವರೂ ವಿಶ್ವನಾಥರ ನಡೆಯನ್ನು ಮರೆತಿಲ್ಲ. ಹಾಗೆಂದು ಎರಡು ಪ್ರಸಂಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ವಿಶ್ವನಾಥರ ಮುಂದೆ ಇದ್ದುದು ಒಂದು ತಪ್ಪು ತೀರ್ಪು. ಅದರ ಲಾಭ ತಮಗೆ ಬೇಡವೆಂದರು. ಛೆಟ್ರಿಯವರ ಮುಂದೆ ಇದ್ದುದು ಎದುರಾಳಿಯ ಅಜಾಗರೂಕತೆ. ಅಜಾಗರೂಕತೆಯ ಲಾಭ ಪಡೆಯುವುದೇ ತಪ್ಪೆಂದರೆ ಚದುರಂಗದಿಂದ ಕುಸ್ತಿಯವರೆಗೆ ಯಾವ ಆಟವೂ ಉಳಿಯಲಾರದು. ಕುಸ್ತಿಯ ಅಖಾಡದಲ್ಲಿ ಎದುರಾಳಿಯ ಕಾಲು ಸಡಿಲವಾದುದನ್ನು ಕಂಡೂ ಪಟ್ಟು ಹಾಕದ ಪೈಲ್ವಾನನನ್ನು ಯಾರೂ ಸಜ್ಜನನೆಂದು ಹೊಗಳುವುದಿಲ್ಲ.

ಹೈದರಾಬಾದಿನ ಶಾಲೆ

ಛೆಟ್ರಿ ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ಚಿಂಚೋಳಿ ತಾಲ್ಲೂಕಿನ ಗಡಿಯೂರು ಕುಂಚಾವರಂ, ಸೇಡಂ, ಚಿತ್ತಾಪುರಗಳ ಸೀಮೆಯವರಿಗೆ ಅದು ದೂರದ ಊರಲ್ಲ. 1956ರವರೆಗೆ ಆ ಸೀಮೆಯೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹೈದರಾಬಾದ್ ನಗರವೋ, ಭಾರತದ ಫುಟ್‌ಬಾಲಿನ ಹಿರಿಯ ತವರುಗಳಲ್ಲೊಂದು. ಸೈಯದ್ ಅಬ್ದುಲ್ ರಹೀಮ್ ಎಂಬ ಗುರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಮರ ಮಾರ್ಗದರ್ಶನದಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ತಲುಪಿತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಚಿನ್ನ ತಂದಿತು.

ಜಕಾರ್ತದ ಫೈನಲಿನಲ್ಲಿ ಪ್ರೇಕ್ಷಕರು ಬಹುಮಟ್ಟಿಗೆ ಭಾರತಕ್ಕೆ ವಿರುದ್ಧವಾಗಿ ಕೂಗುತ್ತಿದ್ದರು. ಗಾಯಗೊಂಡಿದ್ದ ಜರ್ನೈಲ್ ಸಿಂಗ್ ತಲೆಗೆ ಪಟ್ಟಿ ಕಟ್ಟಿಕೊಂಡೇ ಆಡಿ ಗೋಲು ಹೊಡೆದರು. ಎಲ್ಲವೂ ಎದುರಾಗಿದ್ದರೂ ಮೈದಾನ ಬಿಟ್ಟು ಕದಲದೆ ಆಡಿದ ತಂಡವದು.

ಕಳೆದುಹೋದದ್ದು

ಗೆದ್ದ ಬೆಂಗಳೂರು ಸೆಮಿಫೈನಲಿನಲ್ಲಿ ಮುಂಬಯಿಯನ್ನು ಎದುರಿಸಿತು. ಮೊದಲ ಸುತ್ತಿನ ಏಕೈಕ ಗೋಲನ್ನು ಬದಲಿ ಆಟಗಾರನಾಗಿ ಇಳಿದ ಛೆಟ್ರಿಯವರೇ ಹೊಡೆದರು. ಎರಡು ಸುತ್ತುಗಳೂ ಸೇರಿ 2–2 ಆದಾಗ ಪೆನಾಲ್ಟಿಗಳಲ್ಲಿ 9–8ರ ಜಯ ದೊರೆಯಿತು. ಮಾರ್ಚ್ 18ರಂದು ಗೋವೆಯ ಫೈನಲಿನಲ್ಲಿ ಎ.ಟಿ.ಕೆ. ಮೋಹನ್ ಬಗಾನ್ ಎದುರು ಮತ್ತೆ 2–2. ಈ ಬಾರಿ ಪೆನಾಲ್ಟಿಗಳು ಕೈಕೊಟ್ಟವು, 3–4ರ ಸೋಲು. ಆ ಸಿಳ್ಳೆಯಿಲ್ಲದ ಗೋಲು ಕೊನೆಗೆ ಬೆಂಗಳೂರಿಗೆ ಕಪ್ಪನ್ನು ತಂದುಕೊಡಲಿಲ್ಲ.

2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತಿನೆದುರು ಭಾರತಕ್ಕಾಗಿ ವಿದಾಯದ ಪಂದ್ಯವಾಡಿದಾಗ ಛೆಟ್ರಿಯವರ ಹೆಸರಿನಲ್ಲಿ 94 ಅಂತರರಾಷ್ಟ್ರೀಯ ಗೋಲುಗಳಿದ್ದವು. ಮರುವರ್ಷ ದೇಶ ಅವರನ್ನು ಮತ್ತೆ ಕರೆಯಿತು. ಅಷ್ಟೆಲ್ಲ ಗೋಲುಗಳನ್ನು ಬದಿಗಿಟ್ಟು ಕಂಠೀರವದ ಒಂದೇ ಒದೆತದಿಂದ ಅವರನ್ನು ಅಳೆಯುವುದು, ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ, ಅನ್ಯಾಯವೇ ಸರಿ.

ನಷ್ಟವಾದುದು ಬೇರೆ. ಕೊಚ್ಚಿಯಿಂದ ಹಳದಿ ಅಂಗಿ ತೊಟ್ಟು ಬಂದವರಿಗೆ ತಮ್ಮ ತಂಡ ಸಮಮಾಡುತ್ತಿತ್ತೋ ಎಂಬುದು ತಿಳಿಯಲಿಲ್ಲ. ನೀಲಿ ಅಂಗಿಯವರಿಗೆ ತಮ್ಮ ತಂಡ ಆ ಮುನ್ನಡೆಯನ್ನು ಕಾಪಾಡಿಕೊಳ್ಳುತ್ತಿತ್ತೋ ಎಂಬುದೂ ತಿಳಿಯಲಿಲ್ಲ. ಗೆದ್ದವರು ಇಂದಿಗೂ ನಿಯಮಪುಸ್ತಕ ತೆರೆದು ತೋರಿಸಬೇಕಾಗಿದೆ. ಸೋತವರು ಇಂದಿಗೂ ಸಿಳ್ಳೆಯ ಮಾತಾಡಬೇಕಾಗಿದೆ. ಆ 24 ನಿಮಿಷಗಳನ್ನು ಆಡಿದ್ದರೆ ಎರಡರ ಅಗತ್ಯವೂ ಇರುತ್ತಿರಲಿಲ್ಲ.