ಹೆದರದೆ ಕೂರುವ ಸೋಫಾಕ್ಕೆ ಯಾವ ಬಟ್ಟೆ?

ಸೋಫಾಕ್ಕೆ ಹೊಸ ಬಟ್ಟೆ ಹಾಕಿಸಲು ಹೋದರೆ ಅಂಗಡಿಯಲ್ಲಿ ಮೊದಲು ಕೇಳುವುದು ‘ಯಾವ ಬಣ್ಣ?’ ಎಂದು. ಹೈದರಾಬಾದಿನ ಸೆಕೆಯಲ್ಲಿ ಬದುಕುವ ನಾವು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಎರಡು. ಇದರ ಮೇಲೆ ದಿನಕ್ಕೆ ಎಷ್ಟು ಹೊತ್ತು ಯಾರು ಕೂರುತ್ತಾರೆ? ಕೊಳೆಯಾದರೆ ಒಗೆಯಬಹುದೇ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅಪ್ಪನಿಂದಾಗಿ. ಕಲಬುರಗಿ ಬಿಟ್ಟು ನಮ್ಮಲ್ಲಿಗೆ ಬಂದ ಮೇಲೆ ಅವರ ಹಗಲೆಲ್ಲ ಸೋಫಾದ ಮೇಲೆಯೇ. ಕೈ ನಡುಗಿ ಚಹಾ ಚೆಲ್ಲುತ್ತದೆ. ಒಮ್ಮೊಮ್ಮೆ ಬಚ್ಚಲು ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ಎರಡು ಸಲ ಹಾಗಾದ ಮೇಲೆ ಅವರು ಯಾರಿಗೂ ಏನೂ ಹೇಳದೆ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂರತೊಡಗಿದರು. ಕೇಳಿದರೆ, ‘ಇಲ್ಲೇ ಗಾಳಿ ಚಲೋ ಬರ್ತದ’ ಎಂದರು. ಅದೂ ಮೇ ತಿಂಗಳ ಮಧ್ಯಾಹ್ನ!

ಇಂಥ ಮನೆಗೆ ಎಲ್ಲರೂ ಸೂಚಿಸುವುದು ರೆಕ್ಸಿನ್. ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು, ನಿಜ. ಆದರೆ ಅದು ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ಬೆವರು ಆರಲು ದಾರಿಯಿಲ್ಲ. ಹೊರಗೆ 40 ಡಿಗ್ರಿ ದಾಟಿದಾಗ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಗಂಟೆಗಟ್ಟಲೆ ಕೂತರೆ ಬೆವರುಸಾಲೆ ಏಳುತ್ತದೆ. ರೆಕ್ಸಿನ್‌ನಲ್ಲಿ ಎರಡು ಬಗೆ. ಪಿವಿಸಿ ಬಳಿದದ್ದರಲ್ಲಿ ಮೆದುಗೊಳಿಸುವ ರಾಸಾಯನಿಕ ಕಾಲಕ್ರಮೇಣ ಹೊರಟುಹೋಗಿ ಮೇಲ್ಮೈ ಬಿರಿಯುತ್ತದೆ. ಪಿಯು ಬಳಿದದ್ದು ಮುಟ್ಟಲು ಚರ್ಮದಷ್ಟೇ ಮೃದು, ಆದರೆ ತೇವಕ್ಕೆ ಅದರ ಪದರ ಒಡೆದು ಸಿಪ್ಪೆಯಂತೆ ಏಳುತ್ತದೆ. ಬೆವರು, ತಲೆಯೆಣ್ಣೆ ತಾಗುವ ಕಡೆ ಇನ್ನೂ ಬೇಗ.

ಅಪ್ಪಟ ಹತ್ತಿ ತಂಪು. ಆದರೆ ಚೆಲ್ಲಿದ್ದನ್ನೆಲ್ಲ ಹೀರುತ್ತದೆ, ಕಿಟಕಿಯ ಬಿಸಿಲಿಗೆ ಬಣ್ಣ ಬಿಡುತ್ತದೆ, ಮೊದಲ ಒಗೆತಕ್ಕೆ ಕುಗ್ಗುತ್ತದೆ. ಪಾಲಿಯೆಸ್ಟರ್ ಸವೆತಕ್ಕೂ ಬಿಸಿಲಿಗೂ ಗಟ್ಟಿ, ಬೇಗ ಒಣಗುತ್ತದೆ, ಆದರೆ ಸೆಕೆ. ಹತ್ತಿ–ಪಾಲಿಯೆಸ್ಟರ್ ಬೆರೆತ ಒತ್ತು ನೇಯ್ಗೆಯ ಬಟ್ಟೆ ಎರಡರ ನಡುವಿನ ದಾರಿ.

ಸ್ಯಾಂಪಲ್ ಪುಸ್ತಕದ ಹಿಂದೆ ‘ಮಾರ್ಟಿಂಡೇಲ್’ ಎಂಬ ಅಂಕಿ ಇದೆಯೇ ನೋಡಿ. ಯಂತ್ರದಲ್ಲಿ ಉಣ್ಣೆಯ ಬಟ್ಟೆಯಿಂದ ಎಷ್ಟು ಸಲ ಉಜ್ಜಿದರೂ ಸವೆಯದೆ ತಾಳಿತು ಎಂಬ ಲೆಕ್ಕ ಅದು. ದಿನವೂ ಬಳಸುವ ಸೋಫಾಕ್ಕೆ 25,000ಕ್ಕಿಂತ ಕಡಿಮೆ ಬೇಡ. ಅಪರೂಪಕ್ಕೆ ಕೂರುವ ಕುರ್ಚಿಗೆ 15,000 ಸಾಕು.

ಹೈದರಾಬಾದಿನಲ್ಲಿದ್ದು ಪೋಚಂಪಳ್ಳಿ ಇಕತ್ ನೆನಪಾಗದೆ ಇರದು. 1951ರಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿ ಹುಟ್ಟಿದ ಆ ಊರು ಇಲ್ಲಿಂದ ಸುಮಾರು ಒಂದೂವರೆ ಗಂಟೆಯ ದಾರಿ. ನೂಲನ್ನು ಮೊದಲು ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುವುದರಿಂದ ವಿನ್ಯಾಸದ ಅಂಚು ಚೂರು ಕದಡಿದಂತೆ ಕಾಣುವುದೇ ಅದರ ಚೆಲುವು. ಆದರೆ ಸೀರೆ, ಕುರ್ತಾಕ್ಕೆಂದು ನೇಯ್ದ ತೆಳು ಇಕತ್ ಕೂರುವ ಜಾಗದಲ್ಲಿ ಬಾಳುವುದಿಲ್ಲ. ದಪ್ಪ ನೂಲಿನದನ್ನು ಕೇಳಿ ಪಡೆಯಿರಿ, ಇಲ್ಲವೇ ಬೆನ್ನಿನ ದಿಂಬಿಗೆ ಬಳಸಿ. ಒಂದು ಮೂಲೆಯನ್ನು ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ, ಬಣ್ಣ ಬಿಡುತ್ತದೆಯೇ ಪರೀಕ್ಷಿಸಿ.

ಕೊನೆಗೆ ನಾವು ಮಾಡಿದ್ದು ಇಷ್ಟು. ಚೌಕಟ್ಟಿಗೆ ಬೆರಕೆ ನೂಲಿನ ಬಟ್ಟೆಯನ್ನು ಮೊಳೆ ಹೊಡೆಸಿ ಕಾಯಂ ಮಾಡಿದೆವು. ಕೂರುವ ಕುಶನ್‌ಗೆ ಜಿಪ್ ಇರುವ ದಪ್ಪ ಹತ್ತಿಯ ಕವರ್, ಎರಡು ಜೊತೆ. ಕವರ್ ಮತ್ತು ಫೋಮ್ ನಡುವೆ, ಹಾಸಿಗೆಯ ವಾಟರ್‌ಪ್ರೂಫ್ ಪ್ರೊಟೆಕ್ಟರ್‌ಗೆ ಬಳಸುವ ಬಟ್ಟೆಯ ಚೀಲ. ಒದ್ದೆಯಾದರೆ ಕವರ್ ವಾಷಿಂಗ್ ಮೆಷಿನ್‌ಗೆ, ಇನ್ನೊಂದು ಜೊತೆ ಸೋಫಾಕ್ಕೆ. ಹತ್ತು ನಿಮಿಷದ ಕೆಲಸ. ಇದನ್ನೆಲ್ಲ ಅಪ್ಪನಿಗೆ ವಿವರಿಸಿ ಹೇಳಲಿಲ್ಲ. ಕವರ್ ಬದಲಿಸುವುದು ಹಾಸಿಗೆಯ ಚಾದರ ಬದಲಿಸಿದಷ್ಟೇ ಮಾಮೂಲಿ ಎಂದು ಕಂಡ ಮೇಲೆ ಅವರೇ ಒಳಗೆ ಬಂದು ಕೂತರು.

ಕೆಲವು ಸಣ್ಣ ಮಾತುಗಳು. ‘ಅಪ್ಪಟ ಹತ್ತಿ’ ಎಂದು ಮಾರಿದರೆ ನಾಲ್ಕು ಎಳೆ ಕಿತ್ತು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಬಟ್ಟೆಯನ್ನು ಹೊಲಿಸುವ ಮೊದಲೇ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಒಗೆದ ಕವರ್ ಮತ್ತೆ ಏರುವುದಿಲ್ಲ. ಸಾರಿನ ಅರಿಶಿನ ಸೋಪು ತಾಗಿದರೆ ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ಬಿಸಿಲಿಗೆ ಹರಡಿದರೆ ಕಲೆ ಮಾಸುತ್ತದೆ.

ತಲೆಯೆಣ್ಣೆಯ ಕಾಟ ನಮ್ಮದೊಂದೇ ಅಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ಮಕಾಸರ್ ಎಣ್ಣೆ ಹಚ್ಚಿ ಕುರ್ಚಿಗೆ ಒರಗುತ್ತಿದ್ದರು. ಅದರ ಕಲೆ ತಡೆಯಲು ಹೊದಿಸಿದ ಬಟ್ಟೆಗೆ ‘ಆಂಟಿಮಕಾಸರ್’ ಎಂದೇ ಹೆಸರಾಯಿತು. ನಮ್ಮ ಅಮ್ಮಂದಿರು ಸೋಫಾದ ಬೆನ್ನಿಗೆ ಹಾಕುತ್ತಿದ್ದ ಕ್ರೋಷಾ ಬಟ್ಟೆಯ ಕೆಲಸವೂ ಅದೇ. ಊರಿನ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ಮುಂದಿನ ಸಲ ಬರುವಾಗ ತನ್ನಿ. ದುಬಾರಿ ಬಟ್ಟೆ ಅದರಿಂದ ನಾಲ್ಕು ವರ್ಷ ಹೆಚ್ಚು ಬಾಳೀತು.